ಹಳೇ ಆಂಪ್ಲಿಫೈಯರಿನ ವೈರು ಕಿತ್ತೆಸೆಯೋ ಮುಂಚೆ

ಕಳೆದ ರಾಜ್ಯೋತ್ಸವಕ್ಕೆ ಮೂರು ವಾರ ಇದ್ದಾಗ ಸಂಘದ ಕೋಣೆ ಕ್ಲೀನ್ ಮಾಡ್ತಿದ್ದ ನಮಗೆ ಬೀರುವಿನ ಹಿಂದೆ ಒಂದು ಸ್ಟೀರಿಯೋ ಆಂಪ್ಲಿಫೈಯರ್ ಸಿಕ್ಕಿತು. ಮರದ ಪೆಟ್ಟಿಗೆ, ಅಲ್ಯೂಮಿನಿಯಂ ಮುಖ, ದಪ್ಪ ದಪ್ಪ ನಾಬ್‌ಗಳು. ಎತ್ತಿದರೆ ಸೊಂಟ ಹಿಡಿಯುವಷ್ಟು ಭಾರ. ಎಂಬತ್ತರ ದಶಕದ ಮಾಲು. ಗುಜರಿಗೆ ಹಾಕುವ ಸಾಮಾನಿನ ಪಟ್ಟಿಯಲ್ಲಿ ಅದರ ನಂಬರ್ ಆಗಲೇ ಸೇರಿಹೋಗಿತ್ತು.

ನಮ್ಮಲ್ಲಿ ಅರ್ಧ ಜನ, "ಒಳಗಿರೋದೆಲ್ಲ ಕಿತ್ತು ಒಂದು ಬ್ಲೂಟೂತ್ ಬೋರ್ಡ್ ಕೂರಿಸೋಣ, ಒಂದು ಸಂಜೆಯ ಕೆಲಸ" ಅಂದರು. ಇನ್ನರ್ಧ ಜನ ಇದ್ದದ್ದನ್ನೇ ಸರಿಮಾಡೋಣ ಅಂದರು. ಎರಡನೇ ಗುಂಪು ಗೆದ್ದಿತು. ಆದರೆ ಗೆದ್ದ ಮೇಲೆ ನಾವು ಮಾಡಿದ ಕೆಲಸ ನೋಡಿದರೆ, ಎರಡು ಗುಂಪಿಗೂ ದೊಡ್ಡ ವ್ಯತ್ಯಾಸವೇನೂ ಇರಲಿಲ್ಲ. ಯಾಕೆ ಅಂತ ಹೇಳೋದಕ್ಕೇ ಈ ಲೇಖನ.

ಮುಚ್ಚಳ ತೆಗೆದರೆ ಒಳಗೆ ದೊಡ್ಡ ಟ್ರಾನ್ಸ್‌ಫಾರ್ಮರ್, ಹೀಟ್ ಸಿಂಕಿನ ಮೇಲೆ ನಾಲ್ಕು 2ಎನ್3055 ಟ್ರಾನ್ಸಿಸ್ಟರು, ಬೋರ್ಡಿನ ಕೆಲವು ಬಿಡಿಭಾಗಗಳ ಮೇಲೆ ನಮ್ಮ ಜಾಲಹಳ್ಳಿಯ ಬಿಇಎಲ್ ಮುದ್ರೆ. 1954ರಲ್ಲಿ ಶುರುವಾದ ಬಿಇಎಲ್ ರಕ್ಷಣಾ ಸಾಮಗ್ರಿಯ ಜೊತೆಗೆ ರೇಡಿಯೋಗಳಿಗೆ ಬೇಕಾದ ಟ್ರಾನ್ಸಿಸ್ಟರನ್ನೂ ಮಾಡ್ತಿತ್ತು ಅನ್ನೋದು ನಮ್ಮಲ್ಲಿ ಹಲವರಿಗೆ ಆವತ್ತೇ ಗೊತ್ತಾಗಿದ್ದು. ಇವೆಲ್ಲದರ ನಡುವೆ ಮೇಣದ ದಾರದಲ್ಲಿ ಕಟ್ಟಿದ ವೈರುಗಳ ಕಂತೆ. ಕೆಲವು ವೈರಿನ ಪಿವಿಸಿ ಬಗ್ಗಿಸಿದರೆ ಸಾಕು, ಹಪ್ಪಳದ ಹಾಗೆ ಮುರೀತಿತ್ತು. ನಾವು ಎರಡೇ ಎರಡು ಫೋಟೋ ತೆಗೆದು, ಕಂತೆ ಪೂರ್ತಿ ಕತ್ತರಿಸಿ ಹಾಕಿದೆವು. ಸರ್ಕ್ಯೂಟ್ ಡಯಾಗ್ರಾಂ ಬರೆದುಕೊಂಡಿದ್ದೆವಲ್ಲ, ಇನ್ನೇನು ಬೇಕು? ಹೊಸ ವೈರು ಹಾಕಿದೆವು. ನೋಡೋಕೆ ಬಹಳ ನೀಟಾಗಿತ್ತು.

ಆನ್ ಮಾಡಿದರೆ ಎರಡೂ ಸ್ಪೀಕರಿನಲ್ಲಿ 'ಗುರ್ರ್' ಅನ್ನೋ ಸದ್ದು. ವಾಲ್ಯೂಮ್ ಸೊನ್ನೆಗೆ ತಂದರೂ ಹೋಗಲಿಲ್ಲ. ಆಸಿಲೋಸ್ಕೋಪಿನಲ್ಲಿ ನೋಡಿದರೆ 100 ಹರ್ಟ್ಸ್. ನಮ್ಮ ಮನೆಯ ಕರೆಂಟು 50 ಹರ್ಟ್ಸ್, ಬ್ರಿಡ್ಜ್ ರೆಕ್ಟಿಫೈಯರ್ ದಾಟಿದರೆ 100. ಅಂದರೆ ಫಿಲ್ಟರ್ ಕೆಪಾಸಿಟರ್ ಹೋಗಿದೆ ಅಂತ ಪುಸ್ತಕದ ಪ್ರಕಾರ ತೀರ್ಮಾನಿಸಿ, ಎಸ್.ಪಿ. ರೋಡಿಗೆ ಹೋಗಿ ಹೊಸ 4,700 ಮೈಕ್ರೋಫ್ಯಾರಡ್ ಕೆಪಾಸಿಟರ್ ತಂದು ಹಾಕಿದೆವು. ಸದ್ದು ಹಾಗೇ ಇತ್ತು.

ಕೊನೆಗೆ ಲ್ಯಾಬಿನ ಹಿರಿಯ ಇನ್‌ಸ್ಟ್ರಕ್ಟರ್ ಸರ್ ಹತ್ತಿರ ಹೋದೆವು. ಅವರು ಮೀಟರ್ ಮುಟ್ಟಲೇ ಇಲ್ಲ. "ಏನ್ರಪ್ಪಾ, ಮುಂಚೆ ಹೇಗಿತ್ತು ಅನ್ನೋ ಫೋಟೋ ಇದ್ಯಾ?" ಅಂದರು. ತೋರಿಸಿದೆವು. ಅದರಲ್ಲಿ ಒಂದು ಕಪ್ಪು ವೈರು ರೆಕ್ಟಿಫೈಯರಿನ ಪಕ್ಕದಲ್ಲೇ ಹಾದು, ಕೆಪಾಸಿಟರಿನ ಆಚೆ ಕಡೆ ಹೋಗಿ ಕೂತಿತ್ತು. "ಇಷ್ಟು ಸುತ್ತು ಹಾಕಿಸಿದಾನಲ್ಲ, ಯಾಕೆ ಅಂತ ಕೇಳ್ಕೊಂಡ್ರಾ?"

ಕೇಳಿಕೊಂಡಿರಲಿಲ್ಲ. ಅದು ಪವರ್ ಆಂಪ್ ಬೋರ್ಡಿನ ಇನ್‌ಪುಟ್ ಗ್ರೌಂಡ್. ನಾವು ವೈರು ಉಳಿಸೋಕೆ ಅದನ್ನ ಹತ್ತಿರದಲ್ಲಿದ್ದ ರೆಕ್ಟಿಫೈಯರಿನ ನೆಗೆಟಿವ್ ಕಾಲಿಗೇ ಸೋಲ್ಡರ್ ಮಾಡಿದ್ದೆವು. ಡಯಾಗ್ರಾಂನಲ್ಲಿ ಎರಡೂ ಒಂದೇ ಬಿಂದು, ಆದರೆ ಪೆಟ್ಟಿಗೆಯೊಳಗೆ ಅಲ್ಲ. ಕೆಪಾಸಿಟರ್ ಒಂದೇ ಸಮ ಚಾರ್ಜ್ ಆಗಲ್ಲ. ಪ್ರತಿ ಅರ್ಧ ಸೈಕಲ್ಲಿನ ತುದಿಯಲ್ಲಿ ಸ್ವಲ್ಪ ಹೊತ್ತು ಮಾತ್ರ, ದೊಡ್ಡ ದೊಡ್ಡ ಗುಟುಕಿನಲ್ಲಿ ಕರೆಂಟ್ ಎಳೆಯುತ್ತೆ. ಲೆಕ್ಕ ಹಾಕಿ ನೋಡಿ: 0.5 ಚದರ ಮಿಲಿಮೀಟರಿನ ತಾಮ್ರದ ವೈರು 10 ಸೆಂಟಿಮೀಟರ್ ಇದ್ದರೆ ಅದರ ರೋಧ ಸುಮಾರು 3.4 ಮಿಲಿಓಮ್. 5 ಆಂಪಿಯರ್ ಗುಟುಕು ಅದರಲ್ಲಿ ಹರಿದರೆ 17 ಮಿಲಿವೋಲ್ಟ್. ಅದು ನೇರ ಇನ್‌ಪುಟ್ಟಿಗೆ ಸೇರಿ, ಆಂಪ್ 30 ಪಟ್ಟು ಹಿಗ್ಗಿಸಿದರೆ ಸ್ಪೀಕರಿನಲ್ಲಿ ಅರ್ಧ ವೋಲ್ಟ್. ಗುರ್ರ್ ಅನ್ನದೆ ಇನ್ನೇನು ಮಾಡುತ್ತೆ? ಆ ಒಂದು ವೈರನ್ನ ಹಳೇ ಜಾಗಕ್ಕೆ ಹಾಕಿದೆವು. ಸದ್ದು ನಿಂತಿತು.

ನಮ್ಮ ವಾದ ಇಷ್ಟೇ. ವೈರಿಂಗ್ ಕೂಡ ಸರ್ಕ್ಯೂಟಿನ ಭಾಗ. ನಮ್ಮ ಪರೀಕ್ಷೆಗಳಲ್ಲಿ, ಸಿಮ್ಯುಲೇಷನ್‌ಗಳಲ್ಲಿ ವೈರು ಅಂದ್ರೆ ಎರಡು ಬಿಂದು ಸೇರಿಸೋ ಗೆರೆ. ಅದಕ್ಕೆ ಉದ್ದ ಇಲ್ಲ, ದಾರಿ ಇಲ್ಲ, ರೋಧ ಇಲ್ಲ. ಹಳೇ ಪೆಟ್ಟಿಗೆಯಲ್ಲಿ ಪ್ರತಿ ವೈರಿನ ದಾರಿಗೂ ಒಂದು ಕಾರಣ ಇರುತ್ತೆ. ಟ್ರಾನ್ಸ್‌ಫಾರ್ಮರಿನ ಎಸಿ ವೈರುಗಳನ್ನ ಜಡೆ ಹೆಣೆದ ಹಾಗೆ ತಿರುಚಿರೋದು, ಹೋಗೋ ಬರೋ ಕರೆಂಟಿನ ಕಾಂತಕ್ಷೇತ್ರ ಒಂದನ್ನೊಂದು ಹೊಡೆದುಹಾಕಲಿ ಅಂತ. ಶೀಲ್ಡೆಡ್ ವೈರಿನ ಜಾಲರಿಯನ್ನ ಒಂದೇ ತುದಿಯಲ್ಲಿ ಜೋಡಿಸಿರೋದು ಬೇಕಂತಲೇ. "ಅಯ್ಯೋ, ಇನ್ನೊಂದು ತುದಿ ಬಿಟ್ಟುಹೋಗಿದೆ" ಅಂತ ಅದನ್ನೂ ಸೇರಿಸಿದರೆ ಗ್ರೌಂಡ್ ಲೂಪ್ ರೆಡಿ. ದಾರದ ಕಟ್ಟು ಕೂಡ ಬರೀ ಹಳೇ ಕಾಲದ ಶೋಕಿ ಅಲ್ಲ. ಅಂತರಿಕ್ಷ ನೌಕೆಗಳ ಕೇಬಲ್ ಕಂತೆಯನ್ನ ನಾಸಾದವರು ಇವತ್ತಿಗೂ ದಾರದಲ್ಲೇ ಕಟ್ಟುತ್ತಾರೆ.

ಹಾಗಂತ ಎಲ್ಲವನ್ನೂ ಹಾಗೇ ಬಿಡಿ ಅಂತ ನಾವು ಹೇಳ್ತಿಲ್ಲ. ನಮ್ಮ ಆಂಪಿಗೆ ಎರಡು ಪಿನ್ನಿನ ಮೇನ್ಸ್ ಕಾರ್ಡ್ ಇತ್ತು, ಚಾಸಿಗೆ ಅರ್ಥ್ ಇರಲಿಲ್ಲ. ಅದನ್ನ ಉಳಿಸಿಕೊಳ್ಳೋದು ನಿಷ್ಠೆ ಅಲ್ಲ, ಪೆದ್ದತನ. ಮೂರು ಕೋರಿನ ಕಾರ್ಡ್, ಸರಿಯಾದ ಫ್ಯೂಸ್ ಹಾಕಲೇಬೇಕು. ಮುರಿಯೋ ಪಿವಿಸಿ ಹೋಗಬೇಕು. ತುದಿಯ ತಾಮ್ರ ಕಪ್ಪಾಗಿದ್ದರೆ ಸೋಲ್ಡರ್ ಹಿಡಿಯಲ್ಲ, ಹೊಳೆಯೋ ತಾಮ್ರ ಸಿಗೋವರೆಗೂ ಕತ್ತರಿಸಬೇಕು. ಬದಲಾಯಿಸಿ, ಆದರೆ ಒಂದು ಸಲಕ್ಕೆ ಒಂದೇ ವೈರು, ಅದೇ ಉದ್ದ, ಅದೇ ದಾರಿ. ಕೈ ಹಾಕೋ ಮುಂಚೆ ಪ್ಲಗ್ ಕಿತ್ತು, ಕೆಪಾಸಿಟರನ್ನ ರೆಸಿಸ್ಟರ್ ಮೂಲಕ ಡಿಸ್ಚಾರ್ಜ್ ಮಾಡಿ. ಮೊದಲ ಸಲ ಆನ್ ಮಾಡುವಾಗ 100 ವ್ಯಾಟಿನ ಹಳೇ ಫಿಲಮೆಂಟ್ ಬಲ್ಬನ್ನ ಸೀರೀಸಿನಲ್ಲಿ ಹಾಕಿ. ಶಾರ್ಟ್ ಇದ್ದರೆ ಬಲ್ಬ್ ಜೋರಾಗಿ ಉರಿಯುತ್ತೆ, ಆಂಪ್ ಉಳಿಯುತ್ತೆ. ಒಬ್ಬರೇ ಇದ್ದಾಗಂತೂ ಬೇಡ.

"ಇಷ್ಟೆಲ್ಲ ಕಷ್ಟ ಯಾಕೆ? ಕ್ಲಾಸ್ ಡಿ ಬೋರ್ಡ್ ಚಿಕ್ಕದು, ಬಿಸಿಯಾಗಲ್ಲ, ಕರೆಂಟೂ ಉಳಿಯುತ್ತೆ" ಅನ್ನೋರ ಮಾತು ಸುಳ್ಳಲ್ಲ. ಕ್ಲಾಸ್ ಬಿ ಆಂಪಿನ ದಕ್ಷತೆ ಲೆಕ್ಕದ ಪ್ರಕಾರವೇ ಶೇ. 78.5 ದಾಟಲ್ಲ. ಬರೀ ಹಾಡು ಕೇಳೋದಷ್ಟೇ ಬೇಕಿದ್ದರೆ ಆ ಬೋರ್ಡೇ ಸರಿ. ಆದರೆ ನಾವು ಇಲ್ಲಿ ಹಾಡು ಕೇಳೋಕೆ ಮಾತ್ರ ಬಂದಿಲ್ಲವಲ್ಲ. ಬೋರ್ಡ್ ಕೂರಿಸಿದ್ದರೆ ನಮಗೆ ಒಂದು ಆಂಪ್ ಸಿಗ್ತಿತ್ತು, ಗ್ರೌಂಡ್ ಅಂದ್ರೆ ಏನು ಅನ್ನೋದು ಮಾತ್ರ ಸಿಗ್ತಿರಲಿಲ್ಲ.

ಅದಕ್ಕೇ ವಿಭಾಗಕ್ಕೆ ನಮ್ಮದೊಂದು ಕೋರಿಕೆ. ಗುಜರಿಗೆ ಹೋಗೋ ಸಾಮಾನಿನಲ್ಲಿ ಸೆಮಿಸ್ಟರಿಗೆ ಒಂದನ್ನ ವಿದ್ಯಾರ್ಥಿಗಳಿಗೆ ಬಿಟ್ಟುಕೊಡಿ, ಲ್ಯಾಬಿನಲ್ಲಿ ಒಂದು ಬೆಂಚ್ ಕೊಡಿ, ಮೇಲೆ ನೋಡಿಕೊಳ್ಳೋಕೆ ಒಬ್ಬರು ಇರಲಿ. ರಿಪೇರಿ ಆಗದಿದ್ದರೂ ಪರವಾಗಿಲ್ಲ. ಯಾವ ವೈರು ಎಲ್ಲಿಂದ ಎಲ್ಲಿಗೆ, ಯಾವ ದಾರಿಯಲ್ಲಿ ಹೋಗಿದೆ, ಯಾಕೆ ಹೋಗಿದೆ ಅಂತ ಬರೆದ ಒಂದು ಹಾಳೆಗೆ ಅಂಕ ಕೊಡಿ. ವಯಸ್ಸಾದ ಇನ್‌ಸ್ಟ್ರಕ್ಟರುಗಳು ನಿವೃತ್ತಿ ಆಗೋ ಮುಂಚೆ ಇದು ಶುರುವಾದರೆ ಒಳ್ಳೇದು. ಅವರ ತಲೆಯಲ್ಲಿರೋದು ಯಾವ ಪಿಡಿಎಫ್‌ನಲ್ಲೂ ಇಲ್ಲ.

ರಾಜ್ಯೋತ್ಸವದ ದಿನ ಆ ಆಂಪ್ ಹಾಡಿತು. ಎಡಗಡೆ ಚಾನೆಲ್ಲಿನಲ್ಲಿ ಇನ್ನೂ ಸ್ವಲ್ಪ ಹಿಸ್ ಇದೆ, ಕಾರಣ ಹುಡುಕ್ತಾ ಇದೀವಿ. ಈ ಸಲ ವೈರಿಂಗಿನ ಚಿತ್ರ ಬರೆದು, ನಾವು ಮಾಡಿದ ತಪ್ಪನ್ನೂ ಕೆಳಗೆ ಬರೆದು, ಮುಚ್ಚಳದ ಒಳಮೈಗೆ ಅಂಟಿಸಿದೀವಿ. ನೋಡಬೇಕು ಅನ್ನಿಸಿದರೆ ಸಂಘದ ಕೋಣೆಗೆ ಬನ್ನಿ. ಪ್ಲಗ್ ಕಿತ್ತು ತೋರಿಸ್ತೀವಿ.