ಅಮೃತರ ಹೆಸರು ಹೇಳೋಣ, ಕೃತಿ ಉಳಿಸೋಣ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಬಂಧುಗಳೇ,

ಪ್ರೊ. ಅಮೃತ ಸೋಮೇಶ್ವರರು ನಮ್ಮನ್ನಗಲಿದ್ದು 2024ರ ಜನವರಿ 6ರಂದು, 88ರ ವಯಸ್ಸಿನಲ್ಲಿ. ನುಡಿನಮನಗಳಾದವು. ಭಾವಚಿತ್ರಕ್ಕೆ ಹೂ ಹಾಕಿದೆವು, ಎದ್ದುನಿಂತು ಮೌನ ಆಚರಿಸಿದೆವು. ಅಷ್ಟಕ್ಕೇ ನಮ್ಮ ಋಣ ತೀರಿತೇ? ತೀರಿಲ್ಲ ಎಂದು ನಂಬಿ ಈ ಮನವಿ ಮಾಡಿಕೊಳ್ಳುತ್ತಿದ್ದೇನೆ.

ಕೋಟೆಕಾರಿನ ಅಡ್ಕದಲ್ಲಿ 1935ರಲ್ಲಿ ಹುಟ್ಟಿದ ಅವರು ಪುತ್ತೂರಿನ ವಿವೇಕಾನಂದ ಕಾಲೇಜಿನಲ್ಲಿ ದೀರ್ಘಕಾಲ ಕನ್ನಡ ಕಲಿಸಿ 1993ರಲ್ಲಿ ನಿವೃತ್ತರಾದರು. ತುಳು, ಬ್ಯಾರಿ, ಕೊಂಕಣಿ, ಹವ್ಯಕ ಮಾತಾಡುವ ಮನೆಗಳಿಂದ ಮಕ್ಕಳು ಕಾಲೇಜಿಗೆ ಬರುವ ಊರು ನಮ್ಮದು. ಅಂಥ ಮಕ್ಕಳಿಗೆ ಹಳಗನ್ನಡ ಪಾಠ ಮಾಡಿದವರೇ, ನೇಜಿ ನೆಡುವ ಹೆಂಗಸರು ಹಾಡುವ ಪಾಡ್ದನವೂ ಸಾಹಿತ್ಯವೇ ಎಂದು ಬರೆದು ತೋರಿಸಿದರು. ಪಾಡ್ದನಗಳನ್ನು ಸಂಪುಟವಾಗಿಸಿದರು, ‘ಗೋಂದೊಳು’ ಎಂಬ ತುಳು ನಾಟಕ ಬರೆದರು, ‘ತೀರದ ತೆರೆ’ ಎಂಬ ಕಾದಂಬರಿ ಬರೆದರು, ಮೋಯ ಸಮುದಾಯದ ಮಲಯಾಳಕ್ಕೊಂದು ಕೋಶವನ್ನೂ ಕಟ್ಟಿಕೊಟ್ಟರು. ಕೇಂದ್ರ ಸಾಹಿತ್ಯ ಅಕಾಡೆಮಿ ಭಾಷಾ ಸಮ್ಮಾನ್ ನೀಡಿ ಈ ದುಡಿಮೆಯನ್ನು ಗೌರವಿಸಿತು.

ವೇಣೂರಿನ ಗೊಮ್ಮಟನನ್ನು ನೋಡದವರು ನಮ್ಮಲ್ಲಿ ಯಾರಿದ್ದಾರೆ? 1604ರಲ್ಲಿ ಅದನ್ನು ನಿಲ್ಲಿಸಿದ ಅರಸ ತಿಮ್ಮಣ್ಣ ಅಜಿಲನ ಹೆಸರು ಶಾಸನದಲ್ಲಿದೆ. ಕೆತ್ತಿದವನ ನೆನಪನ್ನು ಇಟ್ಟುಕೊಂಡದ್ದು ಪಾಡ್ದನ. ಕಾರ್ಕಳದ ಅರಸ ಒಂದು ಕೈ, ಒಂದು ಕಾಲು ಕಡಿಸಿದ ಮೇಲೂ ವೇಣೂರಿಗೆ ಬಂದು ಉಳಿ ಹಿಡಿದ ವೀರ ಕಲ್ಕುಡನನ್ನು ಹಾಡಿ ಹಾಡಿ ಉಳಿಸಿದವರು ಅಕ್ಷರ ಕಲಿಯದ ನಮ್ಮ ಅಜ್ಜಿಯಂದಿರು. ಆ ಕಲ್ಕುಡನನ್ನು ‘ಅಮರ ಶಿಲ್ಪಿ ವೀರ ಕಲ್ಕುಡ’ ಎಂಬ ಯಕ್ಷಗಾನ ಪ್ರಸಂಗವಾಗಿ ರಂಗಕ್ಕೆ ತಂದವರು ಅಮೃತರು. ಶಿಲ್ಪಿಯ ಹೆಸರನ್ನು ಎತ್ತಿಹಿಡಿದ ಮೇಷ್ಟ್ರ ಹೆಸರನ್ನು ನಾವು ಮರೆಯಬಾರದು.

ಮರೆಯುವ ದಾರಿಯೂ ನಮ್ಮಲ್ಲಿ ಸಲೀಸಾಗಿದೆ. ಯಕ್ಷಗಾನದ ಕರಪತ್ರವೊಂದನ್ನು ಕೈಗೆತ್ತಿಕೊಂಡು ನೋಡಿ. ಸೇವಾಕರ್ತರ ಹೆಸರು, ಭಾಗವತರು, ಹಿಮ್ಮೇಳ, ಮುಮ್ಮೇಳ, ಅನ್ನಸಂತರ್ಪಣೆಯ ಹೊತ್ತು, ಎಲ್ಲವೂ ಇರುತ್ತದೆ. ಪದ ಬರೆದ ಕವಿಯ ಹೆಸರು ಎಷ್ಟೋ ಸಲ ಇರುವುದಿಲ್ಲ. ಹೆಸರು ಹೀಗೆ ಕಳಚಿಕೊಂಡರೆ ಮುಂದೇನಾಗುತ್ತದೆ ಎಂಬುದಕ್ಕೆ ಯಕ್ಷಗಾನ ಕವಿ ಪಾರ್ತಿಸುಬ್ಬನೇ ಸಾಕ್ಷಿ. ಅವನ ಊರು ಯಾವುದು, ಕಾಲ ಯಾವುದು, ಪ್ರಸಂಗಗಳು ಅವನವೇ ಹೌದೇ ಎಂದು ವಿದ್ವಾಂಸರು ದಶಕಗಟ್ಟಲೆ ವಾದಿಸಬೇಕಾಯಿತು. ಸುಬ್ಬನ ಪರವಾಗಿ ನಿಂತು ಒಂದು ಗ್ರಂಥವನ್ನೇ ಬರೆದ ಮುಳಿಯ ತಿಮ್ಮಪ್ಪಯ್ಯನವರು ಬಂಟ್ವಾಳ ತಾಲೂಕಿನವರು, ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜಿನಲ್ಲಿ ಕನ್ನಡ ಕಲಿಸಿದವರು. ಅಮೃತರ ವಿಷಯದಲ್ಲಿ ಮೊಮ್ಮಕ್ಕಳ ಕಾಲಕ್ಕೆ ಅಂಥ ವಾದ ಬೇಕಾಗದಿರಲಿ.

ಆದ್ದರಿಂದ ಇಷ್ಟು ಕೇಳಿಕೊಳ್ಳುತ್ತೇನೆ.

ಅವರ ಶಿಷ್ಯರೇ, ಅಟ್ಟದ ಪೆಟ್ಟಿಗೆ ಒಮ್ಮೆ ಇಳಿಸಿ. ಪಾಠದ ಟಿಪ್ಪಣಿ, ಅವರು ಬರೆದ ಪತ್ರ, ಭಾಷಣದ ಕ್ಯಾಸೆಟ್ ಸಿಕ್ಕೀತು. ನಮ್ಮ ಮಳೆಗಾಲದ ತೇವಕ್ಕೆ ಟೇಪಿಗೆ ಬೂಷ್ಟು ಬರುತ್ತದೆ, ಕಾಗದಕ್ಕೆ ಗೆದ್ದಲು ಹಿಡಿಯುತ್ತದೆ. ಕೂಡಲೇ ಪ್ರತಿ ಮಾಡಿಸಿ, ಒಂದನ್ನು ಹತ್ತಿರದ ಕಾಲೇಜಿನ ಗ್ರಂಥಾಲಯಕ್ಕೆ ಕೊಡಿ. ಬೇರೆಲ್ಲೂ ಉಳಿಯದ ‘ಧವಲಾ’ ಎಂಬ ಜೈನ ಟೀಕೆ ಜಗತ್ತಿಗೆ ಸಿಕ್ಕಿದ್ದು ಮೂಡುಬಿದಿರೆಯಲ್ಲಿ ತಾಳೆಗರಿಗಳನ್ನು ಜೋಪಾನವಾಗಿಟ್ಟಿದ್ದರಿಂದ, ಆಮೇಲೆ ಕೂತು ಪ್ರತಿ ಮಾಡಿದ್ದರಿಂದ. ಆ ಶ್ರದ್ಧೆ ಈ ಮಣ್ಣಿನಲ್ಲೇ ಇದೆ.

ಮೇಳಗಳ ಯಜಮಾನರೇ, ಹವ್ಯಾಸಿ ಸಂಘದವರೇ, ತಾಳಮದ್ದಳೆ ಕೂಟದವರೇ, ವರ್ಷಕ್ಕೊಮ್ಮೆಯಾದರೂ ಅಮೃತರ ಪ್ರಸಂಗ ಆಡಿ. ಕರಪತ್ರದಲ್ಲಿ ಕವಿಯ ಹೆಸರು ಅಚ್ಚಾಗಲಿ, ಆಟ ಶುರುವಾಗುವ ಮುನ್ನ ಮೈಕಿನಲ್ಲಿ ಹೇಳಿ. ಯಾರ ಪ್ರಸಂಗವೇ ಆಗಲಿ, ಇದು ರೂಢಿಯಾಗಲಿ.

ಉಜಿರೆ, ಮೂಡುಬಿದಿರೆ, ಬಂಟ್ವಾಳದ ಕಾಲೇಜುಗಳ ಕನ್ನಡ ಅಧ್ಯಾಪಕರೇ, ಸಂಸ್ಮರಣೆಯ ಸಭೆಯ ಬದಲು ಒಂದು ತರಗತಿ ಮಾಡಿ. ಅತಿಥಿಗಳ ಸ್ವಾಗತ, ಶಾಲು, ಸ್ಮರಣಿಕೆ ಬೇಡ. ಒಬ್ಬ ವಿದ್ಯಾರ್ಥಿ ಅಮೃತರ ಕತೆ ಓದಲಿ, ಇನ್ನೊಬ್ಬಳು ತನ್ನ ಅಜ್ಜಿಯಿಂದ ಕೇಳಿ ಬಂದ ಪಾಡ್ದನ ಹಾಡಲಿ. ಇಡೀ ಬಾಳನ್ನು ಪಾಠಕ್ಕೂ ಪಾಡ್ದನಕ್ಕೂ ಕೊಟ್ಟವರಿಗೆ ಇದಕ್ಕಿಂತ ಮೇಲಾದ ಗೌರವವಿಲ್ಲ.

ನಿಮ್ಮೂರಿನಲ್ಲಿ ನಿಮಗೆ ಸಾಹಿತ್ಯದ ರುಚಿ ಹತ್ತಿಸಿದ ಮೇಷ್ಟ್ರು ಬೇರೆ ಯಾರೋ ಇರಬಹುದು. ಅವರು ಬದುಕಿದ್ದರೆ ಈ ವಾರವೇ ಹೋಗಿ ಕಾಣಿ, ಮಾತಾಡಿಸಿ, ಮಾತನ್ನು ಮೊಬೈಲಿನಲ್ಲಿ ಹಿಡಿದಿಡಿ. ತೀರಿಕೊಂಡಿದ್ದರೆ ಅವರ ಬಗ್ಗೆ ನಿಮಗೆ ತಿಳಿದದ್ದನ್ನು ಎರಡು ಪುಟವಾದರೂ ಬರೆದಿಡಿ. ದಯವಿಟ್ಟು ನಾಳೆಗೆ ದೂಡಬೇಡಿ.