ಎರವಲು ತರೋಣ, ಇದ್ದುದನ್ನು ಕಳೆಯದಿರೋಣ

ನ್ಯೂಜಿಲೆಂಡಿನಲ್ಲಿ ನೆಲೆಸಿರುವ ನಮ್ಮೆಲ್ಲರ ದಿನಚರಿಯಲ್ಲಿ ಮಾವೋರಿ ಪದಗಳು ಅರಿವಿಲ್ಲದೆಯೇ ಬೆರೆತುಹೋಗಿವೆ. ಶಾಲೆಯಿಂದ ಬರುವ ಪತ್ರ ‘ಕಿಯಾ ಓರಾ’ ಎಂದು ಆರಂಭವಾಗಿ ನಮ್ಮ ಕುಟುಂಬವನ್ನು ‘ಫಾನೌ’ ಎಂದು ಕರೆಯುತ್ತದೆ. ಅಂಗಡಿಯ ಗೆಣಸು ‘ಕುಮರಾ’, ಸಭೆ ‘ಹುಯಿ’, ಕಾಣಿಕೆ ‘ಕೋಹಾ’. 2023ರಲ್ಲಿ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟು ನ್ಯೂಜಿಲೆಂಡ್ ಇಂಗ್ಲಿಷಿನ 47 ಪದಗಳನ್ನು ಸೇರಿಸಿಕೊಂಡಾಗ ಅವುಗಳಲ್ಲಿ ಬಹುಪಾಲು ಮಾವೋರಿ ಮೂಲದವೇ ಆಗಿದ್ದವು.

ಇದನ್ನು ಇಂಗ್ಲಿಷಿನ ಔದಾರ್ಯವೆಂದಷ್ಟೇ ಕೊಂಡಾಡಿದರೆ ಅದು ಅರ್ಧಸತ್ಯವಾದೀತು. ಒಂದು ಕಾಲದಲ್ಲಿ ಇಲ್ಲಿನ ಶಾಲೆಗಳಲ್ಲಿ ಮಾವೋರಿ ನುಡಿದ ಮಕ್ಕಳು ಶಿಕ್ಷೆಗೆ ಗುರಿಯಾಗುತ್ತಿದ್ದರು. ಆ ಜನರು ಸುಮ್ಮನಿರಲಿಲ್ಲ. 1972ರಲ್ಲಿ, ಶಾಲೆಗಳಲ್ಲಿ ಮಾವೋರಿ ಕಲಿಸಬೇಕೆಂಬ ಮನವಿಯನ್ನು 30,000ಕ್ಕೂ ಹೆಚ್ಚು ಸಹಿಗಳೊಡನೆ ಸಂಸತ್ತಿಗೆ ಸಲ್ಲಿಸಿದರು. 1982ರಲ್ಲಿ ವೆಲಿಂಗ್ಟನ್ ಸಮೀಪದ ವೈನುಯಿಒಮಾಟಾದಲ್ಲಿ ಮೊದಲ ‘ಕೋಹಂಗಾ ರೇಒ’, ಅಂದರೆ ಭಾಷೆಯ ಗೂಡು, ತೆರೆಯಿತು. ಅಲ್ಲಿ ಹಿರಿಯರೇ ಕಂದಮ್ಮಗಳೊಡನೆ ಮಾವೋರಿಯಲ್ಲಿ ಮಾತನಾಡಿದರು. 1987ರಲ್ಲಿ ಅದು ದೇಶದ ಅಧಿಕೃತ ಭಾಷೆಯಾಯಿತು. ಪದಗಳು ನಿಘಂಟನ್ನು ಸೇರುವ ಮುನ್ನ ಮನೆಮಾತಿನಲ್ಲಿ ಉಳಿದಿರಬೇಕು.

ಕನ್ನಡವೂ ಎರವಲಿಗೆ ಅಂಜಿದ ಭಾಷೆಯಲ್ಲ. ಪೋರ್ಚುಗೀಸಿನಿಂದ ಚಾವಿ, ಅರಬ್ಬಿಯಿಂದ ವಕೀಲ, ಪಾರಸಿಯಿಂದ ದರ್ಬಾರು, ಇಂಗ್ಲಿಷಿನಿಂದ ಬಸ್ಸು ಬಂದವು. ಎಷ್ಟೋ ಪದಗಳ ಕೊನೆಗೆ ಒಂದು ಉಕಾರವಿತ್ತು ನಮ್ಮದಾಗಿಸಿಕೊಂಡೆವು. ಆದ್ದರಿಂದ ಮಕ್ಕಳ ಕನ್ನಡದಲ್ಲಿ ಇಂಗ್ಲಿಷ್ ಪದ ಕೇಳಿದೊಡನೆ ಗದರುವುದು ತರವಲ್ಲ. ಚಿಂತಿಸಬೇಕಾದ ವಿಷಯ ಬೇರೆ.

‘ಫಾನೌ’ ಬಂದಿತೆಂದು ಇಂಗ್ಲಿಷ್ ತನ್ನ ‘ಫ್ಯಾಮಿಲಿ’ಯನ್ನು ತೊರೆಯಲಿಲ್ಲ, ಅದರ ಬಳಿ ಈಗ ಎರಡೂ ಇವೆ. ನಾವಾದರೋ ‘ಅಂಕಲ್’ ಒಬ್ಬನನ್ನು ಬರಮಾಡಿಕೊಂಡು ದೊಡ್ಡಪ್ಪ, ಚಿಕ್ಕಪ್ಪ, ಸೋದರಮಾವ ಮೂವರನ್ನೂ ಹೊರಗೆ ಕಳುಹಿಸುತ್ತಿದ್ದೇವೆ. ‘ಆಂಟಿ’ಯ ಹಿಂದೆ ಅತ್ತೆ, ಚಿಕ್ಕಮ್ಮ, ದೊಡ್ಡಮ್ಮ ಮರೆಯಾಗುತ್ತಿದ್ದಾರೆ. ಮೊದಲನೆಯದು ಬೆಳವಣಿಗೆ, ಎರಡನೆಯದು ಸವೆತ.

ಪರಿಹಾರ ದುಬಾರಿಯದಲ್ಲ. ಊರಿಗೆ ಕರೆ ಮಾಡುವಾಗ ಮಕ್ಕಳು ಬಂಧುಗಳನ್ನು ಆಯಾ ಹೆಸರಿನಿಂದಲೇ ಕರೆಯಲಿ. ಅವರು ಗೆಳೆಯರೊಡನೆ ಇಂಗ್ಲಿಷಿನಲ್ಲಿ ಮಾತನಾಡುವಾಗಲೂ ಒಗ್ಗರಣೆಯನ್ನು ಒಗ್ಗರಣೆಯೆಂದೇ, ಅಜ್ಜಿಯನ್ನು ಅಜ್ಜಿಯೆಂದೇ ಹೇಳಲಿ. ಅರ್ಥ ಕೇಳಿದವರಿಗೆ ವಿವರಿಸಲಿ. ಅನ್ಯರ ಪದವನ್ನು ಆದರದಿಂದ ಕಲಿಯುವ ಈ ನಾಡಿನಲ್ಲಿ ನಮ್ಮ ಪದವನ್ನಾಡಲು ಸಂಕೋಚವೇಕೆ?