ಇಪ್ಪತ್ತೆಂಟು ಸೆಕೆಂಡುಗಳ ಸಂಖ್ಯೆ

ಲಂಡನ್ನಿನ ಇಂಪೀರಿಯಲ್ ಕಾಲೇಜಿನ ಮುಂದೆ ಹಾದುಹೋಗುವಾಗಲೆಲ್ಲ ನನಗೆ ನೆನಪಾಗುವುದು 26 ಅಂಕಗಳ ಒಂದು ಸಂಖ್ಯೆ. 1980ರ ಜೂನ್ 18ರಂದು ಅಲ್ಲಿಯ ಗಣಕ ವಿಭಾಗದವರು ಆರಿಸಿಕೊಟ್ಟ 7,686,369,774,870 ಮತ್ತು 2,465,099,745,779 ಎಂಬೆರಡು ಸಂಖ್ಯೆಗಳನ್ನು ನಮ್ಮ ಬೆಂಗಳೂರಿನ ಶಕುಂತಲಾದೇವಿಯವರು ಮನಸ್ಸಿನಲ್ಲಿಯೇ ಗುಣಿಸಿ, 28 ಸೆಕೆಂಡುಗಳಲ್ಲಿ ನುಡಿದ ಉತ್ತರ: 18,947,668,177,995,426,462,773,730.

ಸಂಶಯವುಳ್ಳ ವಾಚಕರು ಒಂದು ಪೆನ್ಸಿಲು ಹಿಡಿಯಲಿ. ಉತ್ತರದ ಅಂಕಗಳನ್ನು ಒಂದು ಬಿಟ್ಟು ಒಂದರಂತೆ ಕೂಡಿಸಿದರೆ ಎರಡು ಪಂಕ್ತಿಗಳ ಮೊತ್ತವೂ 69. ಎಂದರೆ ಅದು 11ರಿಂದ ನಿಶ್ಶೇಷವಾಗಿ ಭಾಗವಾಗುತ್ತದೆ. ಈ ಲಕ್ಷಣ ಎರಡನೆಯ ಸಂಖ್ಯೆಯ ಬಳುವಳಿ. ಅಲ್ಲಿ ಎರಡು ಮೊತ್ತವೂ 37. ಉತ್ತರದಲ್ಲಿ ಒಂದೇ ಅಂಕ ತಪ್ಪಿದ್ದರೂ ಈ ಪರೀಕ್ಷೆ ಹಿಡಿದುಬಿಡುತ್ತಿತ್ತು. ಎರಡು ತಪ್ಪುಗಳು ಒಂದನ್ನೊಂದು ಮುಚ್ಚಿಹಾಕಬಹುದಲ್ಲವೇ ಎಂದು ಇಡೀ ಗುಣಾಕಾರವನ್ನೇ ಮಾಡಿ ನೋಡಿದೆ. ನನಗೆ ಒಂದು ಸಂಜೆ ಹಿಡಿಯಿತು. ಅದೂ ಎರಡನೆಯ ಸಲಕ್ಕೆ ಸರಿಹೋಯಿತು.